ಮೀನಿನ ಗಡ್ಡೆ

ಹೂವಿನ ಹಾರ ಹಿಡಿದು ಹೊರಡಲೆಂದು ಛಾಯಾ ಬಾಗಿಲು ತೆಗೆದರೆ, ಹೊರಗೆ ಬಕೆಟ್ ಹಿಡಿದ ಗಂಡಸು, ಪಕ್ಕದಲ್ಲಿ ಪುಟ್ಟ ಹುಡುಗಿ.

“ಗುರುಶಾಂತಪ್ಪ ಅಂಕಲ್ ಇವತ್ತು ಬರ್ರಿ ಅಂದಿದ್ರು,” ಎಂದ ಆತ. ಹೆಸರು ಇಕ್ರಾಮ್, ಹುಬ್ಬಳ್ಳಿ ಕಡೆಯವನು, ಇವರಂತೆಯೇ ಪರದೇಶದಲ್ಲಿ ನೆಲೆಸಿದವನು. ಮಗಳು ಆಯೆಷಾಳನ್ನು ಕರೆದುಕೊಂಡು ಐದು ತಾಸಿನ ದಾರಿಯ ಗ್ಲೆಂಡೇಲ್ ಹೈಟ್ಸ್‌ನಿಂದ ನಸುಕಿನಲ್ಲೇ ಹೊರಟು ಇವರ ಊರು ನೋವೈಗೆ ಬಂದಿದ್ದ. ಬಕೆಟ್ಟಿನಲ್ಲಿದ್ದ ಗೋಲ್ಡ್‌ಫಿಶ್‌ನ ಪಕ್ಕೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ. ಅದರ ಭಾರಕ್ಕೆ ಮೀನು ಒಂದೇ ಮಗ್ಗುಲಿಗೆ ವಾಲುತ್ತಿತ್ತು.

ಛಾಯಾಗೆ ತಲೆ ಕೆಟ್ಟಿತು. ಸತ್ತ ಮೇಲೂ ಈ ಗಂಡನೆಂಬ ಮನುಷ್ಯನ ಅಪಾಯಿಂಟ್‌ಮೆಂಟ್ ಮುಗಿಯುವುದಿಲ್ಲವೆ?

“ಅವರು ಮೊನ್ನೆ ಹೋಗಿಬಿಟ್ರು. ಹಾರ್ಟ್ ಅಟ್ಯಾಕ್. ಈಗ ಮಣ್ಣಿಗೆ ಹೊರಟಿದೀವಿ,” ಎಂದಳು.

ಇಕ್ರಾಮ್ ಎದೆಯ ಮೇಲೆ ಕೈಯಿಟ್ಟುಕೊಂಡ. ಒಂದು ಹಿಡಿ ಮಣ್ಣು ಹಾಕಲು ತಾನೂ ಬರಬಹುದೇ ಎಂದು ಕೇಳಿದ. ಛಾಯಾ ಬಕೆಟ್ ತೆಗೆದುಕೊಂಡು ಒಳಗಿಟ್ಟಳು.

*

ಕಾರ್ ಕಂಪನಿಯಿಂದ ರಿಟೈರ್ ಆದ ಮೇಲೆ ಗುರುಶಾಂತಪ್ಪ ಅವಳ ಅಡುಗೆಮನೆಯನ್ನು ಮೀನಿನ ಆಸ್ಪತ್ರೆ ಮಾಡಿಟ್ಟಿದ್ದ. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನಿಗೆ ಮಂಪರು ಹತ್ತಿಸಿ ಗಡ್ಡೆ ಕೊಯ್ಯುವುದು. ಸಾರಿಗೂ ಅದೇ ವಾಸನೆ. ಛಾಯಾ ಗೊಣಗುತ್ತಲೇ ಮೀನು ಹಿಡಿದುಕೊಳ್ಳುತ್ತಿದ್ದಳು.

ಆಮೇಲೆ ಅವನ ಕೈ ನಡುಗತೊಡಗಿತು.

“ಇನ್ನ ಮ್ಯಾಲೆ ಬ್ಲೇಡ್ ನೀನ ಹಿಡಿ,” ಎಂದ.

ಬೈದುಕೊಂಡೇ ಹಿಡಿದಳು. ಅಂದಿನಿಂದ ಕೊಯ್ಯುವವಳು ಅವಳು, ಮೀನನ್ನು ಹಜಾರಕ್ಕೆ ಕೊಂಡೊಯ್ದು ತಂದವರಿಗೆ ಕೊಡುವವನು ಅವನು. ಹೊರಗೆ “ಥ್ಯಾಂಕ್ಸ್ ಅಂಕಲ್” ಕೇಳಿಸುವಾಗ ಛಾಯಾ ಸಿಂಕ್ ಉಜ್ಜುತ್ತಿರುತ್ತಿದ್ದಳು. ಒಂದು ದಿನವಾದರೂ ತನ್ನ ಹೆಸರು ಹೇಳಿಯಾನೇ ಎಂದು ಕಿವಿಗೊಟ್ಟು ಕೇಳಿ ಸೋತಿದ್ದಳು.

*

ಗುಂಡಿ ಮುಚ್ಚಿದ ಮೇಲೆ ಇಕ್ರಾಮ್ ಹತ್ತಿರ ಬಂದ.

“ಆಂಟಿ, ಅಂಕಲ್ ಫೋನಿನಾಗ ಹೇಳಿದ್ರು. ಕೊಯ್ಯೋರು ನಮ್ಮ ಮನಿಯವ್ರು, ನನ್ನ ಕೈಕಿಂತ ಅವರ ಕೈ ಭಾಳ ಚಲೋ, ಆದ್ರ ಎದುರಿಗೆ ಹೊಗಳಬ್ಯಾಡ್ರಿ, ಸಿಟ್ಟಾಗ್ತಾರ ಅಂತ.”

ಗಂಡನ ಹಳೆಯ ಸಹೋದ್ಯೋಗಿ ದಾನಪ್ಪ ಪಕ್ಕದಲ್ಲೇ ನಿಂತಿದ್ದ. ತನಗೂ ಹಾಗೇ ಹೇಳಿದ್ದರು, ಇಲ್ಲಿ ಎಲ್ಲರಿಗೂ ಗೊತ್ತು ಎಂದು ತಲೆಯಾಡಿಸಿದ.

ಛಾಯಾ ಹಸಿ ಮಣ್ಣಿನ ಕಡೆ ತಿರುಗಿದಳು. “ಅದನ್ನ ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ಕೂದಲಿನಲ್ಲೇ ಅಡುಗೆಮನೆಗೆ ನಡೆದಳು.

“ಅಮ್ಮಾ, ಪ್ಲೀಸ್, ನಾಟ್ ಟುಡೇ,” ಎಂದಳು ಮಗಳು ತಾನ್ಯಾ.

“ನಾಳೆವರೆಗೂ ಅದು ಬದುಕಲ್ಲ ಕಣೇ. ದಾನಪ್ಪನೋರೇ, ಸ್ವಲ್ಪ ಲೈಟ್ ಹಿಡೀರಿ.”

ಬಂದವರೆಲ್ಲ ಬಾಗಿಲಲ್ಲಿ ಸೇರಿದರು. ಮಂಪರು ಹತ್ತಿದ ಮೀನಿಗೆ ಛಾಯಾ ಬ್ಲೇಡ್ ಹಾಕಿದಳು, ಆಯೆಷಾ ಕಿವಿರಿನ ಮೇಲೆ ನೀರು ಹನಿಸಿದಳು. ಗಡ್ಡೆ ಕಳಚಿ ಬಂತು. ಛಾಯಾ ಮೀನನ್ನು ಶುದ್ಧ ನೀರಿಗಿಳಿಸಿ, ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ನಿಂತಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಲ ಒಮ್ಮೆ ಮಿಸುಕಿತು, ಮೀನು ನೆಟ್ಟಗಾಗಿ ಅವಳ ಬೆರಳುಗಳ ನಡುವಿನಿಂದ ಹೊರಟುಹೋಯಿತು. ಅವಳ ಅಂಗೈ ಮಾತ್ರ ನೀರಿನೊಳಗೆ ಹಾಗೇ ತೆರೆದಿತ್ತು.