ಪಿಂಕಿಯ ಮೊದಲ ಮಾತು

ಮೂರು ವರ್ಷ ತುಂಬಿದರೂ ಪಿಂಕಿ ಮಾತಾಡಿರಲಿಲ್ಲ. ಮೊದಲು ಫೋನ್ ಬಿಡಿಸು ಎಂದು ಡಾಕ್ಟರು ಅವಳ ಅವ್ವ ಗದಿಗೆಮ್ಮನಿಗೆ ಹೇಳಿದ್ದರು. ಫೋನ್ ಕೊಟ್ಟರಷ್ಟೇ ಮಗು ಮರಳಿನ ಗುಡ್ಡೆಯ ಮೇಲೆ ಕೂರುತ್ತದೆ, ಆಗಷ್ಟೇ ತಾನು ಇಟ್ಟಿಗೆ ಹೊರಬಹುದು ಎಂಬುದು ಡಾಕ್ಟರಿಗೇನು ಗೊತ್ತು? ಆದರೂ ಇವತ್ತು ಗಚ್ಚಿಬೌಲಿಯ ಕಟ್ಟಡದ ಕೆಲಸಕ್ಕೆ ಬಂದ ಗದಿಗೆಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಧ್ಯಾಹ್ನ ಹಿಂದಿನಿಂದ ಯಾರೋ ‘ಅವ್ವಾ’ ಎಂದರು. ತಿರುಗಿದರೆ ಪಿಂಕಿ, ಲಿಫ್ಟಿಗೆಂದು ತೋಡಿದ ಗುಂಡಿಯ ಅಂಚಿನಲ್ಲಿ ನಿಂತಿದ್ದಳು.

ಗಂಡ ಸಂಗಣ್ಣ ಓಡಿಬಂದು ಮಗಳನ್ನು ಎತ್ತಿಕೊಂಡ. “ಫೋನ್ ಯಾಕ ಕಸ್ಕೊಂಡಿ? ಕೂಸು ಬಿದ್ದಿದ್ರ?”

“ಅವ್ವಾ ಅಂತ ಕರದಾಳ್ರಿ.”

ಇದು ಬೈಯುವ ಹೊತ್ತೋ ಸಂತೋಷಪಡುವ ಹೊತ್ತೋ ಇಬ್ಬರಿಗೂ ತಿಳಿಯಲಿಲ್ಲ.

ಪಿಂಕಿ ಮತ್ತೊಮ್ಮೆ ‘ಅವ್ವಾ’ ಎಂದಳು. ಅವಳ ಕೈ ಅವ್ವನ ಸೊಂಟದಲ್ಲಿದ್ದ ಫೋನಿನತ್ತ ಚಾಚಿತ್ತು.