ಹದಿನೇಳರಾಚೆಯ ಹೆಸರುಗಳು

ಅತ್ತೆಗೆ ತಮ್ಮ ಇಪ್ಪತ್ತಮೂರು ಮಕ್ಕಳಲ್ಲಿ ಹದಿನೇಳು ಮಕ್ಕಳ ಹೆಸರು ನೆನಪಿತ್ತು. ಉಳಿದ ಆರು ಹೆಸರು ಒಂದು ಗೋಡೆಯ ಮೇಲಿದ್ದವು. ಆ ಗೋಡೆ ಜನ ಬಿಟ್ಟುಹೋದ ಒಂದು ಪುಟ್ಟ ದ್ವೀಪದಲ್ಲಿತ್ತು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಆ ದ್ವೀಪದ ಒಂದೇ ಕೋಣೆಯ ಶಾಲೆಗೆ ಟೀಚರ್ ಆಗಿ ಹೋಗಿ ಒಂಬತ್ತು ವರ್ಷ ಇದ್ದವರು. ಪ್ರತಿ ವರ್ಷ ಶಾಲೆ ಶುರುವಾದ ದಿನ ಮಕ್ಕಳನ್ನು ಒಬ್ಬೊಬ್ಬರಾಗಿ ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲಿಟ್ಟು, ಎತ್ತರಕ್ಕೊಂದು ಗೆರೆ ಎಳೆದು, ಪಕ್ಕದಲ್ಲಿ ಮೊಳೆಯಿಂದ ಹೆಸರು ಕೊರೆಯುತ್ತಿದ್ದರು. ಆಮೇಲೊಂದು ಚಂಡಮಾರುತ ಬಂತು. ಹಾಜರಿ ಪುಸ್ತಕಗಳು ಸಮುದ್ರದ ಪಾಲಾದವು. ಜನರನ್ನು ದಿಕ್ಕಿಗೊಬ್ಬರಂತೆ ಬೇರೆ ಬೇರೆ ಊರಿಗೆ ಸಾಗಿಸಿದರು. ಶಾಲೆಯ ಆ ಗೋಡೆ ಮಾತ್ರ ಇನ್ನೂ ನಿಂತಿದೆಯೆಂದು ಮೀನುಗಾರರು ಹೇಳುತ್ತಿದ್ದರು.

ಎಪ್ಪತ್ತೈದು ದಾಟಿದ ಮೇಲೆ ಅತ್ತೆಗೆ ಮರೆವು ಶುರುವಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಪಕ್ಕ ಕೂತು, ಹಾಜರಿ ಕೂಗುವ ಧಾಟಿಯಲ್ಲೇ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು. ಹದಿನೇಳಕ್ಕೆ ಬಂದು ಗಕ್ಕನೆ ನಿಲ್ಲುತ್ತಿದ್ದರು.

"ಬಾತುಕೋಳಿ ಅಂತ ರೇಗಿಸ್ತಿದ್ರಲ್ಲ, ಅವನ ನಿಜವಾದ ಹೆಸರೇನೋ? ಹೆತ್ತವರು ಬಾತುಕೋಳಿ ಅಂತ ಇಟ್ಟಿರಲ್ಲ ತಾನೇ?"

ಅಷ್ಟರಲ್ಲಿ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಆ ದ್ವೀಪದಲ್ಲಿ ಕಡಲಹಕ್ಕಿಗಳು ಮೊಟ್ಟೆಯಿಡುತ್ತವೆ. ಮುಂದಿನ ಸೋಮವಾರದಿಂದ ಅಲ್ಲಿ ಇನ್ನೆಂದೂ ಯಾರೂ ಕಾಲಿಡುವಂತಿಲ್ಲ. ಉಳಿದಿದ್ದು ಒಂದೇ ಭಾನುವಾರ. ಪ್ರವಾಸಿಗರನ್ನು ನಾಲ್ಕು ದ್ವೀಪ ಸುತ್ತಿಸುವ ದೋಣಿಯೊಂದನ್ನು ನಾನು ಇಡೀ ದಿನಕ್ಕೆ ಗೊತ್ತುಮಾಡಿದೆ. ಅತ್ತೆ ಗೋಡೆಯಲ್ಲಿ ಕೊರೆದ ಹೆಸರುಗಳನ್ನು ಉಜ್ಜಿ ಅಚ್ಚು ತೆಗೆದುಕೊಳ್ಳಲು ಬಿಳಿ ಕಾಗದದ ಒಂದು ಸುರುಳಿಯನ್ನೂ ಇದ್ದಿಲ ತುಂಡುಗಳನ್ನೂ ಚೀಲಕ್ಕೆ ಹಾಕಿಕೊಂಡರು.

ಬಂದರಿನಲ್ಲಿ ಯಾವ ದಿನ ಯಾವ ಹೊತ್ತಿಗೆ ಎಷ್ಟು ನೀರು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬ ಕೋಷ್ಟಕವನ್ನು ವರ್ಷ ವರ್ಷವೂ ತಯಾರಿಸುವುದು ನನ್ನ ಉದ್ಯೋಗ. ಹಾಗಾಗಿ ಆ ದಿನದ ವೇಳಾಪಟ್ಟಿಯನ್ನು ಬೇರೆಯವರ ಕೈಗೆ ಬಿಡುವ ಮಾತೇ ಇರಲಿಲ್ಲ.

ಬೆಳಿಗ್ಗೆ ಏಳೂವರೆಗೆ ದೋಣಿಯವನು ಫೋನಿನಲ್ಲಿದ್ದ ನನ್ನ ಪಟ್ಟಿ ನೋಡಿ ತಲೆ ಕೆರೆದುಕೊಂಡ.

"ಆ ಶಾಲೆ ಇರೋ ಸಣ್ಣ ದ್ವೀಪಾನ ಮೂರನೇದಾಗಿ ಹಾಕಿದೀರಲ್ಲ ಸಾರ್. ಮೊದಲು ಅಲ್ಲಿಗೇ ಹೋಗಿಬಿಡೋಣ. ಮೂರು ದಿನದಿಂದ ನೆಲದ ಕಡೆಯಿಂದ ಗಾಳಿ. ನೀರನ್ನ ಹೊರಗೆ ತಳ್ತಾ ಇದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಹವಳದ ಬಂಡೆ ಬೆನ್ನು ತೋರಿಸ್ತಾ ಇರುತ್ತೆ."

"ಹನ್ನೊಂದೂವರೆಗೆ ಅಲ್ಲಿ ಒಂದು ಮೀಟರ್ ಹತ್ತು ಸೆಂಟಿಮೀಟರ್ ನೀರಿರುತ್ತೆ," ಎಂದೆ. "ನಿಮ್ಮ ದೋಣಿಗೆ ಎಷ್ಟು ಬೇಕು?"

"ಎಪ್ಪತ್ತಿದ್ರೆ ಸಾಕು. ಆದ್ರೆ..."

"ಮತ್ತೇನು? ನಲವತ್ತು ಜಾಸ್ತೀನೇ ಇದೆಯಲ್ಲ."

"ನಿಮ್ಮ ಫೋನಿಗೆ ಗಾಳಿ ತಾಗಲ್ಲ ಸಾರ್."

ಅತ್ತೆ ಜೋರಾಗಿ ನಕ್ಕರು. "ಇವನು ಚಂದ್ರನ್ನೇ ಕೂರಿಸಿಕೊಂಡು ಲೆಕ್ಕ ಕೇಳೋನು ಕಣಪ್ಪ. ಅವನು ಹೇಳಿದ ಹಾಗೇ ಹೋಗೋಣ."

ಅವರ ದನಿಯಲ್ಲಿದ್ದ ಹೆಮ್ಮೆ ನನಗೆ ಹಿತವಾಗಿತ್ತು. ಆ ಪಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಎರಡನೆಯ ದ್ವೀಪದ ಹವಳದ ತೋಟ ಹತ್ತು ಗಂಟೆಯ ಬಿಸಿಲಿನಲ್ಲಿ ತಳದವರೆಗೂ ಕಾಣುತ್ತದೆಂದು ಕೇಳಿದ್ದೆ. ಅದನ್ನು ನೋಡಬೇಕೆಂಬ ಆಸೆ ನನಗೆ ಬಹಳ ವರ್ಷಗಳಿಂದ ಇತ್ತು. ಇದನ್ನು ಅವರಿಬ್ಬರಿಗೂ ಹೇಳಲಿಲ್ಲ.

ಮೊದಲನೆಯ ದ್ವೀಪದಲ್ಲಿ ಬಿಳಿ ಮರಳು, ತೆಂಗಿನ ಮರ, ಸೆಲ್ಫಿ ತೆಗೆದುಕೊಳ್ಳುವ ಜನ. ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆರಳಿನಲ್ಲಿ ಕೂತಿದ್ದರು. ಬಸ್ಸಿಗೆ ಕಾಯುವವರ ಹಾಗೆ ಎರಡು ಸಲ ಗಂಟೆ ಕೇಳಿದರು.

ಎರಡನೆಯದರಲ್ಲಿ ನಾನು ಈಜುವ ಕನ್ನಡಕ ಕಟ್ಟಿಕೊಂಡು ನೀರಿಗಿಳಿದೆ. ಕೇಳಿದ್ದಕ್ಕಿಂತ ಚೆನ್ನಾಗಿತ್ತು. ನೀಲಿ ಮೀನೊಂದು ಹವಳವನ್ನು ಕಚ್ಚಿ ಮುರಿಯುವ ಸದ್ದು ನೀರೊಳಗೆ ಕಟಕಟ ಕೇಳುತ್ತಿತ್ತು.

"ಸಾಕು ಬಾರೋ! ಬೆರಳೆಲ್ಲ ಸುಕ್ಕುಗಟ್ಟಿರುತ್ತೆ!" ಅತ್ತೆ ದೋಣಿಯಿಂದ ಕೂಗಿದರು.

"ಇನ್ನೈದೇ ನಿಮಿಷ ಅತ್ತೆ!"

ಐವತ್ತು ವರ್ಷದ ನಾನು ಹೀಗೆ ಮೂರು ಸಲ ಹೇಳಿದೆ. ಹೊರಟಾಗ ಇಪ್ಪತ್ತೈದು ನಿಮಿಷ ತಡವಾಗಿತ್ತು.

ಮೂರನೆಯ ದ್ವೀಪ ಹತ್ತಿರವಾದಾಗ ದೋಣಿಯವನು ಎಂಜಿನ್ ನಿಲ್ಲಿಸಿ ಬಿದಿರಿನ ಗಳ ಇಳಿಬಿಟ್ಟ. ಗಳ ಮೊಣಕಾಲುದ್ದವೂ ಮುಳುಗಲಿಲ್ಲ. ಮುಂದೆ ದಡದವರೆಗೂ ಹವಳದ ಬಂಡೆಗಳು ಕಂದು ಬೆನ್ನು ತೋರಿಸಿಕೊಂಡು ಮಲಗಿದ್ದವು. ಬೇರೆ ಎರಡು ಕಡೆ ಪ್ರಯತ್ನಿಸಿದ. ತಳ ಕರಕರ ಎಂದು ಉಜ್ಜಿತು. ಇನ್ನೂರು ಮೀಟರ್ ಆಚೆ ಚಾವಣಿಯಿಲ್ಲದ ಶಾಲೆ ಕಾಣುತ್ತಿತ್ತು. ಗೋಡೆಯ ತುದಿಯಲ್ಲಿ ಹಕ್ಕಿಗಳು ಸಾಲಾಗಿ ಕೂತಿದ್ದವು.

"ಗಾಳಿ ಮತ್ತು ವಾಯುಭಾರದ ಪರಿಣಾಮಗಳನ್ನು ಈ ಕೋಷ್ಟಕದಲ್ಲಿ ಪರಿಗಣಿಸಿಲ್ಲ." ನಮ್ಮ ಪುಸ್ತಕದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೀಗೊಂದು ವಾಕ್ಯವಿದೆ. ಹನ್ನೊಂದು ವರ್ಷದ ಹಿಂದೆ ಅದನ್ನು ಬರೆದವನು ನಾನೇ. ಪ್ರತಿ ವರ್ಷ ಅದರ ಕರಡು ತಿದ್ದುವವನೂ ನಾನೇ.

"ಮತ್ತೆ ನೀರು ತುಂಬೋದು ಯಾವಾಗ?" ಅತ್ತೆ ಕೇಳಿದರು.

"ರಾತ್ರಿ ಹತ್ತೂವರೆಗೆ," ಎಂದೆ. ಆರು ಗಂಟೆಯ ನಂತರ ಪ್ರವಾಸಿ ದೋಣಿಗಳು ಕಡಲಲ್ಲಿರುವಂತಿಲ್ಲ.

"ನಡೆದು ಹೋಗಿ ಫೋಟೋ ತೆಗೆದುಕೊಂಡು ಬರ್ತೀನಿ," ಎಂದು ನಾನೇ ಇಳಿದೆ. ಆ ಗಾಳಿಯಲ್ಲಿ ದೋಣಿಯವನು ದೋಣಿ ಬಿಟ್ಟು ಇಳಿಯುವ ಹಾಗಿರಲಿಲ್ಲ. ಬಂಡೆಯ ಸಂದುಗಳಲ್ಲೆಲ್ಲ ಕಪ್ಪು ಮುಳ್ಳಿನ ಉಂಡೆಗಳಂಥ ಜೀವಿಗಳು. ಮೂವತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾಲು ಗುಂಡಿಗೆ ಜಾರಿತು. ಚಪ್ಪಲಿ ಸೀಳಿಕೊಂಡು ಹಿಮ್ಮಡಿಗೆ ಮುಳ್ಳು ನಾಟಿತು. ಫೋನು ನೀರಿಗೆ ಬಿತ್ತು.

"ಬೇಡ, ಬಂದ್ಬಿಡೋ!" ಅತ್ತೆ ಕೂಗಿದರು. "ಹೆಸರು ಹೋದ್ರೆ ಹೋಗ್ಲಿ, ಬಾ!"

ನಾನು ವಾಪಸು ಬಂದೆ. ಅತ್ತೆಯ ಬಳಿ ಫೋನಿತ್ತು. ಮುಳ್ಳು ನಾಟಿದ್ದು ಒಂದೇ ಕಾಲಿಗೆ. ಹೋಗಬಹುದಿತ್ತು.

ಅತ್ತೆ ನನ್ನ ಕಾಲನ್ನು ತೊಡೆಯ ಮೇಲೆಳೆದುಕೊಂಡು, ಸೆರಗಿನ ಪಿನ್ನು ತೆಗೆದು ಮುಳ್ಳು ಕೀಳುತ್ತ ಕೂತರು. ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಗೊತ್ತೆ? ಗಾಳಿ ನೀರಿನ ಮೇಲ್ಮೈಯನ್ನು ಎಳೆದು ಕಡಲ ಮಟ್ಟವನ್ನು ಹೇಗೆ ತಗ್ಗಿಸುತ್ತದೆ ಎಂದು ವಿವರಿಸಿದೆ. ಇಂಥದ್ದು ಅಪರೂಪ ಎಂದೂ ಹೇಳಿದೆ. ದೋಣಿಯವನು ಬೇರೆ ಕಡೆ ನೋಡುತ್ತಿದ್ದ.

"ಸಮುದ್ರ ತಾನೇ, ಅದು ಯಾರ ಮಾತು ಕೇಳುತ್ತೆ," ಎಂದರು ಅತ್ತೆ. ಅವರು ಹಾಗೆಂದದ್ದು ದೋಣಿಯವನಿಗೆ ಕೇಳಲಿ ಎಂದು. ಸ್ವಲ್ಪ ಹೊತ್ತಿನ ನಂತರ ಅವನಿಗೇ ಹೇಳಿದರು: "ನಡಿಯಪ್ಪ, ನಾಲ್ಕನೇದಕ್ಕೂ ಹೋಗೋಣ. ಪಾಪ, ಅಷ್ಟು ನೀಟಾಗಿ ಪಟ್ಟಿ ಮಾಡಿದಾನೆ."

ನಾಲ್ಕನೆಯ ದ್ವೀಪದಲ್ಲಿ ಏನಿತ್ತೆಂದು ನನಗೆ ನೆನಪಿಲ್ಲ.

ಆಮೇಲೆ ಅನುಮತಿ ಕೇಳಿ ಎರಡು ಅರ್ಜಿ ಹಾಕಿದೆ. ಎರಡಕ್ಕೂ ಇಲ್ಲ ಎಂದರು. ತಪ್ಪು ನನ್ನದು ಎಂಬ ಮಾತನ್ನು ಅತ್ತೆಗೆ ಈವರೆಗೂ ಹೇಳಿಲ್ಲ. ಹೇಳಿದರೆ "ಯಾವ ತಪ್ಪೋ?" ಎಂದು ಕೇಳುತ್ತಾರೇನೋ ಎಂಬ ಭಯ ಈಗೀಗ ಶುರುವಾಗಿದೆ.

ಹೋದ ವಾರ ಹಾಜರಿ ಹದಿನಾಲ್ಕಕ್ಕೆ ನಿಂತಿತು.

"ಮುಂದೆ ಯಾರೋ? ನೀನೂ ಇದ್ದೆಯಲ್ಲ ಅಲ್ಲಿ."

ಇದ್ದೆ. ಏಳನೆಯ ವಯಸ್ಸಿನಲ್ಲೊಮ್ಮೆ, ಎಂಟರಲ್ಲೊಮ್ಮೆ, ಬೇಸಿಗೆ ರಜೆಗೆ. ಆ ಮಕ್ಕಳ ಜೊತೆ ಏಡಿ ಹಿಡಿದಿದ್ದೆ, ಈಜು ಕಲಿತಿದ್ದೆ. ಎಷ್ಟು ತಿಣುಕಿದರೂ ಒಂದು ಹೆಸರೂ ಬರಲಿಲ್ಲ. ಆ ರಜೆಯಲ್ಲಿ ಅತ್ತೆ ಗೋಡೆಯ ಮೇಲೆ ನನಗೂ ಎಳೆದ ಗೆರೆ ಕಿಟಕಿಯ ಅಂಚಿಗಿಂತ ನಾಲ್ಕು ಬೆರಳು ಮೇಲಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

"ನನ್ನ ಹೆಸರು ಸೇರಿಸಿಕೊಳ್ಳಿ ಅತ್ತೆ," ಎಂದೆ.

"ನಿಂದು ಲೆಕ್ಕಕ್ಕಿಲ್ಲ ಕಣೋ. ನೀನು ರಜಕ್ಕೆ ಬಂದೋನು," ಎಂದು ಅವರು ಮತ್ತೆ ಮೊದಲನೆಯ ಹೆಸರಿನಿಂದ ಶುರುಮಾಡಿದರು.