ಪ್ರಾರ್ಥನೆಯ ಪಟ್ಟಿಯಲ್ಲಿಲ್ಲದ ಸೊಸೆ

ಅಜ್ಜಿ ಬದುಕಿದ್ದು ತೊಂಬತ್ತಮೂರು ವರ್ಷ. ಅದರಲ್ಲಿ ಎಂಬತ್ತು ವರ್ಷ ದೇವರಿಗೆ ಒಂದು ದಿನವೂ ರಜೆ ಕೊಟ್ಟವಳಲ್ಲ. ಕೊನೆಕೊನೆಗೆ ಅವಳ ಕಿವಿ ಮಂದವಾಯಿತು. ತನಗೇ ಕೇಳಿಸದ ಮೇಲೆ ತನಗಿಂತ ಹಿರಿಯನಾದ ದೇವರಿಗೆ ಹೇಗೆ ಕೇಳಿಸೀತು ಎಂದು ಬೆಳಗಿನ ಪ್ರಾರ್ಥನೆಯನ್ನು ಗಂಟಲು ಹರಿಯುವಂತೆ ಮಾಡತೊಡಗಿದಳು. ವರ ತಪ್ಪಿ ಪಕ್ಕದ ಮನೆಗೆ ಹೋಗಬಾರದಲ್ಲ, ವಿಳಾಸವನ್ನೂ ಸೇರಿಸುತ್ತಿದ್ದಳು.

"ದೇವರೇ, ನನ್ನ ದೊಡ್ಡ ಮಗ, ಮೂರನೇ ಮಹಡಿ, ಲಿಫ್ಟಿಂದ ಎಡಗಡೆ ಬಾಗಿಲು. ಅವನ ಸಿಟ್ಟು ಇಳಿಸು, ಹುದ್ದೆ ಏರಿಸು."

ಇಡೀ ಬೀದಿ ಹಲ್ಲುಜ್ಜುತ್ತಾ ಕೇಳುತ್ತಿತ್ತು.

ಪಟ್ಟಿಯಲ್ಲಿ ಮಕ್ಕಳು, ಮೊಮ್ಮಕ್ಕಳು, ಹಾಲಿನವನು, ಕೊನೆಗೆ ಹಾಲಿನವನ ಸೈಕಲ್ಲಿನ ಬ್ರೇಕು ಕೂಡ ಇತ್ತು. ಬ್ರೇಕಿಗೂ ಜಾಗವಿದ್ದ ಆ ಪಟ್ಟಿಯಲ್ಲಿ ಕಿರಿ ಸೊಸೆ ಮಾತ್ರ ಇರಲಿಲ್ಲ. ಗಂಡ ತೀರಿಕೊಂಡ ಮೇಲೂ ಅವಳು ಅತ್ತೆಯ ಜೊತೆಗೇ ಉಳಿದವಳು. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಬಂದು, ಹನ್ನೊಂದು ವರ್ಷ ಅತ್ತೆಗೆ ಸ್ನಾನ ಮಾಡಿಸಿದಳು, ಉಗುರು ಕತ್ತರಿಸಿದಳು, ತುತ್ತು ಮಿದ್ದು ತಿನ್ನಿಸಿದಳು. ದಿನಾ ಬೆಳಿಗ್ಗೆ ಕದದ ಹಿಂದೆ ನಿಂತು ಕಿವಿಗೊಟ್ಟಳು. ಕೊನೆಯ ಬೆಳಗಿನವರೆಗೂ ತನ್ನ ಹೆಸರು ಬರಲಿಲ್ಲ. ಅತ್ತೆ ಹೋದ ದುಃಖಕ್ಕಿಂತ ಇದೇ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಜ್ಜಿಯನ್ನು ನೆನೆಯುವ ಸಭೆಗೆ ಬಾಡಿಗೆ ಕುರ್ಚಿ, ಬಾಡಿಗೆ ಮೈಕು ಬಂದವು. ಚೀಫ್ ಎಂಜಿನಿಯರಾದ ದೊಡ್ಡ ಮಗ, ಅಮ್ಮನ ಪ್ರಾರ್ಥನೆಯಿಂದಲೇ ತಾನು ಇಷ್ಟು ಎತ್ತರಕ್ಕೆ, ಇಷ್ಟು ದೂರಕ್ಕೆ ಹೋದೆನೆಂದ. ಆರು ವರ್ಷ ಈ ಕಡೆ ತಲೆ ಹಾಕದಿದ್ದುದನ್ನು ಹೇಳಲು ಸಮಯ ಸಾಲಲಿಲ್ಲ. ಶಾಲೆಯಲ್ಲಿ ಹೆಡ್‌ಮಿಸ್ ಆದ ಮಗಳಿಗೂ ಅಮ್ಮನ ಪುಣ್ಯದಿಂದಲೇ ಬಡ್ತಿ, ಜೊತೆಗೆ ಎಲ್ಲೋ ಮೂಲೆಗೆ ವರ್ಗ. ಅವಳು ಗಳಗಳನೆ ಅತ್ತಳು, ನಡುನಡುವೆ ವಾಚು ನೋಡಿಕೊಂಡಳು.

"ಅಮ್ಮ ಒಬ್ಬರನ್ನೂ ಬಿಡದೆ ಎಲ್ಲರಿಗಾಗಿ ಪ್ರಾರ್ಥಿಸಿದಳು!" ಎಂದಳು.

ಕಿರಿ ಸೊಸೆಗೆ ತಡೆಯಲಾಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಚಹಾದ ಲೋಟ ತೊಳೆಯುತ್ತಾ ಕೂತಳು. ಪಕ್ಕದ ಮನೆಯ ಟೈಲರಮ್ಮ ಹಿಂದೆಯೇ ಬಂದಳು.

"ನನ್ನ ಹೆಸರು ಒಂದಿನ ಆದ್ರೂ ಎತ್ತಿದ್ರಾ, ಟೈಲರಮ್ಮ? ನಾನೇನು ಅಷ್ಟು ಕೆಟ್ಟವಳಾ?"

"ನಾನೂ ಅದನ್ನೇ ಕೇಳಿದ್ದೆ ಕಣಮ್ಮ, ಅವರ ಕಿವಿಗೆ ಬಾಯಿಟ್ಟು. ಅವರು ಮೆಲ್ಲಗೆ ಮಾತಾಡಿದ್ದನ್ನ ನಾನು ಕೇಳಿದ್ದು ಅದೊಂದೇ ಸಲ. 'ಒಳ್ಳೇದು ಮಾಡು ಅಂತ ಯಾರ ಹೆಸರು ಕೊಟ್ರೂ ಆ ದೇವರು ಅವರನ್ನ ದೂರ ಕಳಿಸಿಬಿಡ್ತಾನೆ. ಇವಳೊಬ್ಬಳು ಇಲ್ಲಿದ್ದಾಳೆ ಅಂತ ಅವನಿಗೆ ಗೊತ್ತಾಗೋದೇ ಬೇಡ. ನೀನೂ ಬಾಯಿ ಬಿಡಬೇಡ' ಅಂದ್ರು."

ಸೊಸೆ ಲೋಟವನ್ನು ಬಕೆಟ್ಟಿನಲ್ಲೇ ಬಿಟ್ಟಳು. ಅಷ್ಟು ವರ್ಷ ಬಿಗಿಹಿಡಿದಿದ್ದ ಅಳು ಒಮ್ಮೆಲೇ ಬಂತು.

ಒಳಗೆ ದೊಡ್ಡ ಮಗ ಮೈಕಿನಲ್ಲಿ ಹೇಳುತ್ತಿದ್ದ: "ದೇವರನ್ನು ಕಣ್ಣುಮುಚ್ಚಿ ನಂಬಿದ ಜೀವ ಅದು. ಈಗ ನಮ್ಮ ಮನೆಯ ಕಿರಿ ಸೊಸೆ ಎರಡು ಮಾತಾಡಬೇಕು. ಎಲ್ಲಿದ್ದಾಳೆ ಅವಳು?"

"ನಾನಿಲ್ಲ ಅಂತ ಹೇಳ್ಬಿಡಿ, ಟೈಲರಮ್ಮ," ಎಂದು ಸೊಸೆ ಮೂಗೊರೆಸಿಕೊಂಡು ನಕ್ಕಳು.